ಮೊದಲೇ ಸೀಟು ಹಿಡಿಯಬೇಕೋ, ಸಿಇಟಿಗೆ ಕಾಯಬೇಕೋ?

ಏಪ್ರಿಲ್, ಮೇ ಬಂತೆಂದರೆ ಕೆಲಗೇರಿಯಂಥ ಊರಿನ ಪಿಯುಸಿ ಮಕ್ಕಳ ಮನೆಗಳಲ್ಲಿ ಒಂದೇ ಮಾತು: "ರಿಸಲ್ಟ್ ಬರೂತನಾ ಕಾಯೂದು ಬ್ಯಾಡ, ಈಗ ರೊಕ್ಕಾ ಕಟ್ಟಿ ಸೀಟ್ ಹಿಡೀರಿ." ಈ ಆತುರ ಇಂದಿನದಲ್ಲ. ಅದು ಹೇಗೆ ಹುಟ್ಟಿತು ಎಂದು ತಿಳಿದರೆ, ಕಾಯಬೇಕೋ ಬೇಡವೋ ಎಂಬ ಲೆಕ್ಕವೂ ಸುಲಭವಾಗುತ್ತದೆ.

ನಮ್ಮ ಭಾಗಕ್ಕೆ ಇಂಜಿನಿಯರಿಂಗ್ ಬೇಗ ಬಂತು. ಹುಬ್ಬಳ್ಳಿಯ ಬಿವಿಬಿ ಕಾಲೇಜು 1947ರದು, ಧಾರವಾಡದ ಎಸ್‌ಡಿಎಂ 1979ರದು. ಅತ್ತ ಮಣಿಪಾಲದಲ್ಲಿ 1953ರಲ್ಲೇ ಖಾಸಗಿ ಮೆಡಿಕಲ್ ಕಾಲೇಜು ಶುರುವಾಗಿತ್ತು. ಮುಂದೆ ರಾಜ್ಯದ ತುಂಬ ಖಾಸಗಿ ಕಾಲೇಜುಗಳು ಹೆಚ್ಚಿದವು. ಜೊತೆಗೆ 'ಡೊನೇಶನ್' ಎಂಬ ಮಾತೂ ಬೆಳೆಯಿತು. ಯಾರು ಮೊದಲು ಹಣ ಹೊಂದಿಸಿದರೋ ಅವರ ಮಗನಿಗೆ ಸೀಟು.

ಇದನ್ನು ತಡೆಯಲು 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೂ ಒಂದೇ ಕಾಲೇಜಿನಲ್ಲಿ ಮೂರು ದರ ಉಳಿದವು. ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಈ ಪ್ರಕರಣದಲ್ಲೇ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದಿತು. ಮರುವರ್ಷ ಉಣ್ಣಿಕೃಷ್ಣನ್ ತೀರ್ಪು ಬಂತು: ಖಾಸಗಿ ಕಾಲೇಜಿನಲ್ಲೂ ಸೀಟು ಅರ್ಹತೆಯ ಮೇಲೆ ಸಿಗಬೇಕು. 1994ರಲ್ಲಿ ನಮ್ಮ ಸಿಇಟಿ ಶುರುವಾದದ್ದು ಈ ಹಿನ್ನೆಲೆಯಲ್ಲಿ.

2002 ಮತ್ತು 2005ರ ತೀರ್ಪುಗಳು ಖಾಸಗಿ ಕಾಲೇಜುಗಳಿಗೆ ಮತ್ತೆ ಸ್ವಾತಂತ್ರ್ಯ ಕೊಟ್ಟವು. ಹಾಗಾಗಿ ಇಂದು ಒಂದೇ ತರಗತಿಯಲ್ಲಿ ಸಿಇಟಿ ಸೀಟು, ಕಾಮೆಡ್-ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು ಮೂರೂ ಇವೆ. ಪಾಠ ಒಂದೇ, ಫೀ ಬೇರೆ. ರಿಸಲ್ಟ್‌ಗೆ ಮುಂಚೆ ಹಣ ಕಟ್ಟಿ ಹಿಡಿಯುವುದು ಮ್ಯಾನೇಜ್‌ಮೆಂಟ್ ಸೀಟನ್ನು. ಆ ಹಣದಿಂದ ಸಿಇಟಿ ಸೀಟು ಹತ್ತಿರವಾಗುವುದಿಲ್ಲ.

ಹಾಗಾದರೆ ಸಿಇಟಿ ಸೀಟು ಸಿಗುವ ಸಾಧ್ಯತೆ ಎಷ್ಟು? ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷಗಳ ಕಟ್ ಆಫ್ ರ್‍ಯಾಂಕ್ ಪ್ರಕಟಿಸುತ್ತದೆ. ಅದನ್ನು ನಿಮ್ಮ ಕಾಲಮ್ಮಿನಲ್ಲಿ ನೋಡಬೇಕು. ಜಿಎಂ ಎಂದರೆ ಸಾಮಾನ್ಯ, ಜಿಎಂಆರ್ ಎಂದರೆ ಗ್ರಾಮೀಣ, ಜಿಎಂಕೆ ಎಂದರೆ ಕನ್ನಡ ಮಾಧ್ಯಮ. 2ಎ, 3ಬಿ ಮೊದಲಾದ ವರ್ಗಗಳಲ್ಲೂ ಹೀಗೆಯೇ ಒಳಪಾಲು ಇದೆ. ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5.

ಇಲ್ಲೇ ಕೆಲಗೇರಿಯವರು ಎಡವುವುದು. ಊರಲ್ಲಿ ಹೊಲ, ದನ, ಕೆರೆ ಎಲ್ಲ ಇದ್ದರೂ ಕೆಲಗೇರಿ ಇರುವುದು ಮಹಾನಗರ ಪಾಲಿಕೆಯೊಳಗೆ. ಗ್ರಾಮೀಣ ಮೀಸಲಾತಿ ನೋಡುವುದು ನೀವು ಎಲ್ಲಿ ವಾಸವಿದ್ದೀರಿ ಎಂದಲ್ಲ, 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಎಲ್ಲಿ ಓದಿದಿರಿ ಎಂದು. ಪಾಲಿಕೆಯೊಳಗಿನ ಶಾಲೆ ಗ್ರಾಮೀಣ ಎನಿಸದು. ಪಂಚಾಯ್ತಿ ಊರಿನ ಮಗು ಒಂದೇ ವರ್ಷ ಧಾರವಾಡದ ಶಾಲೆಗೆ ಹೋದರೂ ಆ ಪಾಲು ಹೋಯಿತು. ಆದರೆ ಹತ್ತೂ ವರ್ಷ ಕನ್ನಡದಲ್ಲೇ ಓದಿದ ಕೆಲಗೇರಿಯ ಹುಡುಗಿಗೆ ಕನ್ನಡ ಮಾಧ್ಯಮದ ಪಾಲು ಇದ್ದೇ ಇದೆ. ಶಾಲೆಯಿಂದ ಆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಕಟ್ ಆಫ್ ಒಂದು ಅಂದಾಜು ಅಷ್ಟೆ, ಖಾತರಿಯಲ್ಲ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಮತ್ತು ಸಿಇಟಿ ಅಂಕ ಅರ್ಧರ್ಧ ಸೇರುತ್ತವೆ. ಕೋವಿಡ್ ಕಾಲದಲ್ಲಿ ಇದೇ ಲೆಕ್ಕ ಬದಲಾಗಿ, 2022ರಲ್ಲಿ ಮರುಪ್ರಯತ್ನದ ವಿದ್ಯಾರ್ಥಿಗಳ ರ್‍ಯಾಂಕ್ ಹೈಕೋರ್ಟ್ ಮೆಟ್ಟಿಲೇರಿತ್ತು. ಆದ್ದರಿಂದ ಎರಡು ಮೂರು ವರ್ಷದ ಅಂಕಿ ನೋಡಿ, ಎಲ್ಲ ಸುತ್ತುಗಳನ್ನೂ ನೋಡಿ. ನಿಮ್ಮ ರ್‍ಯಾಂಕ್ ಎಲ್ಲ ವರ್ಷವೂ ಒಳಗಿದ್ದರೆ ಧೈರ್ಯವಾಗಿ ಕಾಯಬಹುದು. ಒಂದು ವರ್ಷ ಒಳಗೆ, ಒಂದು ವರ್ಷ ಹೊರಗೆ ಇದ್ದರೆ ಇನ್ನೊಂದು ದಾರಿಯನ್ನೂ ಇಟ್ಟುಕೊಳ್ಳಿ. ಚಿಕ್ಕಮಲ್ಲಿಗವಾಡದ ಐಐಟಿ ಮಾತ್ರ ಈ ಲೆಕ್ಕಕ್ಕೆ ಬರದು. ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ಬೇಕು.

ಆಪ್ಷನ್ ತುಂಬುವಾಗ "ದೊಡ್ಡ ಕಾಲೇಜು ಮೇಲೆ ಹಾಕಿದರೆ ಸಣ್ಣದೂ ತಪ್ಪುತ್ತದೆ" ಎಂಬ ಭಯ ಬೇಡ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ರ್‍ಯಾಂಕಿಗೆ ಸಿಗುವ ಮೊದಲ ಸೀಟು ಕೊಡುತ್ತದೆ. ಆದರೆ ಹೋಗಲು ಮನಸ್ಸಿಲ್ಲದ ಕಾಲೇಜನ್ನು ಮೇಲೆ ಬರೆಯಬೇಡಿ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಮೊದಲಿನ ಸೀಟು ತಾನಾಗಿಯೇ ರದ್ದಾಗುತ್ತದೆ.

ಮೊದಲೇ ಹಣ ಕಟ್ಟಲೇಬೇಕಾದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಗದಿತ ಕೊನೆಯ ದಿನದೊಳಗೆ ಸೀಟು ಬಿಟ್ಟರೆ ಕಾಲೇಜು 1,000 ರೂಪಾಯಿಗಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಎಐಸಿಟಿಇ ನಿಯಮ. ಹೊಲ ಅಡವಿಡುವ ಮುಂಚೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಬೈಲಿನಲ್ಲೇ ಆ ಕಟ್ ಆಫ್ ಪಟ್ಟಿ ತೆರೆದು ಒಂದು ಸಂಜೆ ನೋಡಿ.