ಎರಡು ಕಲ್ಲಿನ ತಕ್ಕಡಿ

ಬೀದರಿನ ಗಾಂಧಿ ಗಂಜಿಗೆ ಸುಗ್ಗಿಯಲ್ಲಿ ಭಾಲ್ಕಿ, ಔರಾದ ಕಡೆಯಿಂದ ಉದ್ದು, ಹೆಸರು, ತೊಗರಿ, ಸೋಯಾ ಬಂದು ಬೀಳುತ್ತವೆ. ಅಲ್ಲಿ ದೊಡ್ಡ ಮಾತಿಗೆ ಬೆಲೆಯಿಲ್ಲ. ಮಾಲು ತಕ್ಕಡಿಗೆ ಏರಬೇಕು, ಮುಳ್ಳು ನಿಲ್ಲಬೇಕು, ಆಮೇಲೆ ಮಾತು. ಹಳೆಯ ಕಾಲದ ಹಳ್ಳಿ ಸಾವುಕಾರರ ಬಗ್ಗೆ ನಮ್ಮ ಹಿರಿಯರು ಹೇಳುವುದುಂಟು: ಅವರ ಹತ್ರ ಎರಡು ಕಲ್ಲು ಇರ್ತಿದ್ದವು, ನಮ್ಮಿಂದ ತಗೊಳ್ಳಾಕ ಒಂದು, ನಮಗ ಕೊಡಾಕ ಇನ್ನೊಂದು. ಧರ್ಮಗಳ ಚರಿತ್ರೆ ಓದುವಾಗ ನನಗೆ ಈ ಎರಡು ಕಲ್ಲುಗಳೇ ನೆನಪಾಗುತ್ತವೆ. ಎಲ್ಲರೂ ಒಂದೇ ಎಂದು ಹೇಳಿ ಜನರನ್ನು ಒಳಗೆ ಕರೆಯಲು ಒಂದು ಕಲ್ಲು. ಒಳಗೆ ಬಂದವರಿಗೆ ಪಾಲು ಹಂಚುವಾಗ ಇನ್ನೊಂದು.

ಇಲ್ಲಿ ನಾನು ಕ್ರೈಸ್ತ ಧರ್ಮದ ಒಳಗಿನ ಸೋಗಿನ ಬಗ್ಗೆ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಖರೆ ಮಾಡಿಬಿಡುತ್ತೇನೆ. ಕ್ರೈಸ್ತರನ್ನು ಬಯ್ಯುವುದು ಇವತ್ತು ಬಹಳ ಸಲೀಸಾದ ಕೆಲಸ. ಕೇರಿಯ ನೀರು ಮುಟ್ಟದವರೇ, ಕೇರಿಯವನು ಚರ್ಚಿನ ಮೆಟ್ಟಿಲು ಹತ್ತಿದ ದಿನ 'ನಮ್ಮ ಮಂದಿ ಕೈಬಿಟ್ಟು ಹೋದರು' ಅಂತ ಎದೆ ಬಡಿದುಕೊಳ್ಳುತ್ತಾರೆ. ನಿನ್ನೆಯವರೆಗೆ ಯಾರ ಮಂದಿ ಆಗಿದ್ದರು ಅವರು? ಆ ಎದೆ ಬಡಿತಕ್ಕೂ ಈ ಬರಹಕ್ಕೂ ಸಂಬಂಧವಿಲ್ಲ. ಕೇರಿಯಿಂದ ಎದ್ದು ಚರ್ಚಿಗೆ ನಡೆದವರ ಕಡೆ ನಿಂತು ನಾವು ಲೆಕ್ಕ ಕೇಳಬೇಕಾಗಿದೆ.

ಈ ಲೆಕ್ಕ ಬೀದರ್ ಸೀಮೆಗೆ ಹೊಸದಲ್ಲ. ಪಾದ್ರಿಗಳು ಬರುವ ಏಳು ನೂರು ವರ್ಷ ಮೊದಲೇ ಬಸವಕಲ್ಯಾಣದಲ್ಲಿ ಈ ಪರೀಕ್ಷೆ ನಡೆದಿತ್ತು. ಹನ್ನೆರಡನೆಯ ಶತಮಾನದ ಶರಣರು ಲಿಂಗ ಕಟ್ಟಿಕೊಂಡಾಗ ಅರಸು ಸಹಿಸಿದ, ಪುರೋಹಿತರೂ ಗೊಣಗಿಕೊಂಡು ಸುಮ್ಮನಿದ್ದರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ತಂದುಕೊಂಡಾಗ ಮಾತ್ರ ಕಲ್ಯಾಣ ಹೊತ್ತಿ ಉರಿಯಿತು. ಬೀಗರಿಬ್ಬರನ್ನೂ ಆನೆ ಕಾಲಿಗೆ ಕಟ್ಟಿ ಎಳೆಸಿದರು ಎಂದು ನಮ್ಮ ನಾಡಿನ ನೆನಪು ಹೇಳುತ್ತದೆ. ಪೂಜೆ ಬದಲಾದರೆ ಜಾತಿ ಹೆದರುವುದಿಲ್ಲ. ಉಣ್ಣುವ ತಾಟು ಒಂದಾದರೆ, ಮದುವೆಯ ಚಪ್ಪರ ಒಂದಾದರೆ ಹೆದರುತ್ತದೆ. ಆಮೇಲೆ ಶರಣರ ಹೆಸರಿನ ಮಠಗಳಲ್ಲೂ ಒಳಪಂಗಡಗಳ ಲೆಕ್ಕ ಬಂತು. ಆದ್ದರಿಂದ ಸೋಗು ಕ್ರೈಸ್ತರೊಬ್ಬರ ಸೊತ್ತೇನೂ ಅಲ್ಲ. ಸಮಾನತೆಯ ಮಾತು ದೊಡ್ಡದಾದಷ್ಟೂ ಅದನ್ನು ಮುರಿದಾಗ ಆಗುವ ಗಾಯವೂ ದೊಡ್ಡದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ನಿಜಾಮನ ರಾಜ್ಯದ ಈ ಭಾಗಕ್ಕೆ ಬಂತು. ಶಾಲೆ ತೆರೆಯಿತು, ದವಾಖಾನೆ ತೆರೆಯಿತು. ಬೀದರಿನ ಮಂಗಲಪೇಟೆ ಕ್ರೈಸ್ತರ ಬಡಾವಣೆಯಾಗಿ ಬೆಳೆಯಿತು. ಆ ಸಭೆಗೆ ಸೇರಿದವರು ಯಾರು? ಬಹುಪಾಲು ನಮ್ಮವರೇ, ಹೊಲೆಯರು, ಮಾದಿಗರು. ಸತ್ತ ದನ ಹೊರುವವರು, ಊರ ಬಿಟ್ಟಿ ಮಾಡುವವರು, ಗೌಡರ ಅಂಗಳದ ಕಸ ಬಳಿಯುವವರು. ರೊಟ್ಟಿಯ ಆಸೆಗೆ ಹೋದರು ಅಂತ ಕೆಲವರು ಈಗಲೂ ಆಡಿಕೊಳ್ಳುತ್ತಾರೆ. ರೊಟ್ಟಿ ಇಲ್ಲದವನು ರೊಟ್ಟಿಗೆ ಆಸೆಪಟ್ಟರೆ ಅದೇನು ಪಾಪವೇ? ಹೊಟ್ಟೆ ತುಂಬಿದವರೇ ಹಸಿವಿನ ಶುದ್ಧಾಶುದ್ಧ ವಿಚಾರ ಮಾಡುತ್ತಾರೆ. ಆದರೆ ರೊಟ್ಟಿಗಿಂತ ದೊಡ್ಡದೊಂದು ಅವರಿಗೆ ಅಲ್ಲಿ ಸಿಕ್ಕಿತು. ಸ್ಲೇಟು ಹಿಡಿದರು, ರೋಗಕ್ಕೆ ಮದ್ದು ಪಡೆದರು, ಕರೆದರೆ ತಿರುಗಿ ನೋಡಬಹುದಾದಂಥ ಹೆಸರು ಪಡೆದರು. ನಮ್ಮ ನೆರಳು ಮೈಲಿಗೆ ಅಂದಿದ್ದ ನಾಡಿನಲ್ಲಿ ಒಬ್ಬ ದಾಯಿ ನಮ್ಮ ಬಾಣಂತಿಯ ಮೈ ಮುಟ್ಟಿ ಒರೆಸಿದರೆ ಅದು ಸಣ್ಣ ಸಂಗತಿ ಅಲ್ಲ. ಈ ಋಣ ಮರೆತು ಮಾತಾಡಿದರೆ ಅದೂ ಇನ್ನೊಂದು ಸೋಗೇ.

ಇನ್ನು ತಕ್ಕಡಿಯ ಇನ್ನೊಂದು ಕಲ್ಲು ನೋಡೋಣ. ಇದೇ ಮೆಥಡಿಸ್ಟ್ ಸಭೆ ತನ್ನ ಹುಟ್ಟೂರಿನ ಕರಿಯರ ಜೊತೆ ಹೇಗಿತ್ತು? ಮೂಲ ಪುರುಷ ಜಾನ್ ವೆಸ್ಲಿ ಇಂಗ್ಲೆಂಡಿನಲ್ಲಿ 1774ರಲ್ಲೇ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದಿದ್ದ. 1784ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಸಭೆ ಕಟ್ಟಿದಾಗ, ಗುಲಾಮರನ್ನು ಇಟ್ಟುಕೊಂಡವರು ಅವರನ್ನು ಬಿಡುಗಡೆ ಮಾಡಬೇಕು, ಇಲ್ಲವಾದರೆ ಸಭೆ ಬಿಡಬೇಕು ಎಂದು ನಿಯಮ ಮಾಡಿದರು. ಎಷ್ಟು ಒಳ್ಳೆಯ ನಿಯಮ! ಮರುವರ್ಷವೇ, 1785ರಲ್ಲಿ, ಅದನ್ನು ತಡೆಹಿಡಿದರು. ಜಮೀನುದಾರರು ಸಿಟ್ಟಾದರೆ ಸಭೆ ನಡೆಯುವುದು ಹೇಗೆ? ಅದೇ ಶತಮಾನದ ಕೊನೆಗೆ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕರಿಯರನ್ನು ಪ್ರಾರ್ಥನೆ ಮುಗಿಯುವ ಮೊದಲೇ ಹಿಡಿದೆಬ್ಬಿಸಿದರು. ಅವರು ಕೂತ ಜಾಗ ಬಿಳಿಯರದಂತೆ. ಅವರಲ್ಲಿದ್ದ ರಿಚರ್ಡ್ ಅಲೆನ್, ತಾನೇ ಗುಲಾಮನಾಗಿದ್ದು ಬಿಡುಗಡೆ ಕೊಂಡುಕೊಂಡವನು, ಹೊರಗೆ ನಡೆದ. 1816ರಲ್ಲಿ ಕರಿಯರದೇ ಸ್ವತಂತ್ರ ಮೆಥಡಿಸ್ಟ್ ಸಭೆ ಹುಟ್ಟಿತು.

1844ರಲ್ಲಿ ಒಬ್ಬ ಬಿಷಪ್ಪನ ಮನೆಯಲ್ಲಿ ಗುಲಾಮರಿದ್ದಾರೆ ಎಂಬ ಜಗಳಕ್ಕೆ ಸಭೆಯೇ ಉತ್ತರ, ದಕ್ಷಿಣ ಎಂದು ಎರಡು ಹೋಳಾಯಿತು. 1939ರಲ್ಲಿ ಮತ್ತೆ ಒಂದಾದರು. ಒಂದಾದದ್ದು ಹೇಗೆ? ಕರಿಯರ ಸಭೆಗಳನ್ನೆಲ್ಲ ಒಟ್ಟು ಮಾಡಿ, 'ಕೇಂದ್ರ ವಲಯ' ಎಂಬ ಹೆಸರು ಕೊಟ್ಟು, ಬೇರೆ ಇಟ್ಟರು. ನಾವು ಅದನ್ನು ಕೇರಿ ಅನ್ನುತ್ತೇವೆ. ಆ ಕೇರಿ 1968ರವರೆಗೆ ಇತ್ತು. ಅಂದರೆ ಬೀದರಿನ ಮಾದಿಗನಿಗೆ 'ದೇವರ ಮುಂದೆ ನಾವೆಲ್ಲ ಒಂದೇ' ಎಂದು ಹೇಳಲು ಹಡಗು ಹತ್ತಿ ಬಂದ ಸಭೆ, ತನ್ನ ಊರಿನಲ್ಲಿ ಒಂದೇ ಬೆಂಚು ಹಾಕಲು 1968ರ ತನಕ ಕಾಯಿತು. ಇಲ್ಲಿ ಬಂದು ದುಡಿದು ಇಲ್ಲೇ ಮಣ್ಣಾದ ದಾಯಿಗಳ, ಡಾಕ್ಟರುಗಳ ಪ್ರೀತಿ ಸುಳ್ಳಲ್ಲ. ಸುಳ್ಳಾಗಿದ್ದದ್ದು ವ್ಯವಸ್ಥೆ.

ಇಲ್ಲಿಯ ಚರ್ಚುಗಳಾದರೂ ಏನು ಮಾಡಿದವು? 1606ರಲ್ಲಿ ಮದುರೆಗೆ ಬಂದ ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟು, ಸಂಸ್ಕೃತ ಕಲಿತು, ಮೇಲುಜಾತಿಯವರನ್ನು ಒಲಿಸಿಕೊಳ್ಳಲು ಕೀಳೆನಿಸಿಕೊಂಡವರಿಂದ ದೂರ ಉಳಿದ. ಆಮೇಲೆ ಆ ಮಿಷನ್ನಿನಲ್ಲಿ ಬ್ರಾಹ್ಮಣರಿಗೆ ಒಂದು ಬಗೆಯ ಗುರು, ಕೆಳಜಾತಿಯವರಿಗೆ ಇನ್ನೊಂದು ಬಗೆಯ ಗುರು. ಮಂಗಳೂರು, ಗೋವೆಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ, ಚಾರಡಿ, ಶೂದಿರ ಎಂಬ ಮೆಟ್ಟಿಲುಗಳು ಶಿಲುಬೆಯ ನೆರಳಲ್ಲೇ ಉಳಿದವು. ತಿರುಚ್ಚಿಯ ಒಂದು ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗೂ ಮೇಲುಜಾತಿ ಕ್ರೈಸ್ತರ ಗೋರಿಗೂ ನಡುವೆ ಗೋಡೆಯನ್ನೇ ಕಟ್ಟಿದರು. ಸತ್ತ ಮೂರನೆಯ ದಿನ ಎದ್ದು ಬಂದವನನ್ನು ನಂಬುವವರು, ಸತ್ತವರು ಎದ್ದು ಬಂದು ಮೈಲಿಗೆ ಮಾಡಿಯಾರೆಂದು ಹೆದರಿದರೇನು?

ಎದುರು ಮಾತಾಡಿದವರೂ ಇದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಯನ್ನು ಪೂರ್ತಿ ಬಿಡಬೇಕೆಂದು ಆಜ್ಞೆ ಮಾಡಿದ. ತಂಜಾವೂರಿನ ಕಡೆಯ ಮೇಲುಜಾತಿ ಕ್ರೈಸ್ತರು ಎದ್ದು ಹೊರಗೆ ಹೋದರು. ಸಭೆಯನ್ನು ಬಿಟ್ಟರೂ ಜಾತಿ ಬಿಡಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜಾತಿ ಬಿಡದವರನ್ನು ಸಭೆಗೆ ಸೇರಿಸಿಕೊಳ್ಳಲಿಲ್ಲ. ಜಾತಿ ಬಿಟ್ಟವನು ಜಾತಿಯ ಕಸುಬನ್ನೂ ಕಳೆದುಕೊಳ್ಳುತ್ತಾನೆ ಎಂದು ಅರಿತು ನೇಯ್ಗೆ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿಯೂ ದೊರೆ–ಆಳು ಭೇದ ಇತ್ತು. ಆದರೂ ಉಪದೇಶ ಮಾಡಿದವನು ಕೆಲಸವನ್ನೂ ಕೊಡಬೇಕು ಎಂಬ ತಿಳಿವು ಅವರಿಗಿತ್ತು. ನಮ್ಮ ನಿಜಾಮ ರಾಜ್ಯದ್ದೇ ಆದ ದೋರ್ನಕಲ್ಲಿನ ವಿ.ಎಸ್. ಅಜರಯ್ಯ 1910ರಲ್ಲಿ, ಇನ್ನೂ ಬಿಷಪ್ ಆಗುವ ಮೊದಲು, ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ಬಿಳಿಯರ ಮುಖಕ್ಕೇ ಹೇಳಿದರು: ನಿಮ್ಮ ತ್ಯಾಗಕ್ಕೆ ನಾವು ಋಣಿ, ಆದರೆ ನಮಗೆ ಬೇಕಾದದ್ದು ಗೆಳೆತನ ಎಂದು. ದಾನ ಕೊಡುವವನು ಮೇಲೆಯೇ ನಿಂತಿರುತ್ತಾನೆ. ಗೆಳೆಯ ಪಕ್ಕದಲ್ಲಿ ಕೂರಬೇಕಾಗುತ್ತದೆ.

ಭಾರತದ ಕ್ಯಾಥೊಲಿಕ್ ಬಿಷಪ್ಪರು ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು 2016ರಲ್ಲಿ ತಮ್ಮದೇ ದಾಖಲೆಯಲ್ಲಿ ಒಪ್ಪಿಕೊಂಡರು. ಹೈದರಾಬಾದಿನ ಆಂಥನಿ ಪೂಲಾ 2022ರಲ್ಲಿ ಕಾರ್ಡಿನಲ್ ಆದರು; ಆ ಪೀಠಕ್ಕೇರಿದ ಮೊದಲ ದಲಿತ ಅವರು. ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲ ಬೆಂಚಿನ ಹಿಂದೆ ನಿಂತವರಿಗೆ ಒಂದು ಕುರ್ಚಿ. ಸಂತೋಷ. ಉಳಿದ ಕುರ್ಚಿಗಳ ಲೆಕ್ಕ ಯಾವಾಗ?

ಈಗ ಸರ್ಕಾರದ ತಕ್ಕಡಿ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತ, ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಕೊಡುತ್ತಿದ್ದ ಗೂಡಂಗಡಿ ತನಗೆ ಸಿಗಲಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದ. ಅದೇ ರಸ್ತೆ, ಅದೇ ಉಳಿ, ಅದೇ ತೊಗಲು. ಕ್ರೈಸ್ತನಾದ ಮೇಲೂ ಅಸ್ಪೃಶ್ಯತೆಯ ಕಷ್ಟ ಅಷ್ಟೇ ತೀವ್ರವಾಗಿದೆ ಎಂಬುದಕ್ಕೆ ಪುರಾವೆ ಸಾಲದು ಎಂದು 1985ರಲ್ಲಿ ಕೋರ್ಟು ಅವನನ್ನು ವಾಪಸು ಕಳಿಸಿತು. ಹರಳಯ್ಯನ ಕಸುಬಿನವನು ಮತ್ತೆ ಸೋತ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಪ್ಯಾರಾ ತೆಗೆಯಿರಿ ಎಂದಿತು, ಸರ್ಕಾರ ತೆಗೆಯಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ನೇಮಿಸಿತು. 2024ರಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಧರ್ಮದ ಹೆಸರು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. 2025ರಲ್ಲಿ ಆಂಧ್ರದ ಹೈಕೋರ್ಟು, ಕ್ರೈಸ್ತನಾದ ದಲಿತನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಿಲ್ಲ ಎಂದಿತು. ಬಡಿಯುವವನು ಬ್ಯಾಪ್ಟಿಸಂ ಸರ್ಟಿಫಿಕೇಟು ನೋಡಿ ಕೈ ಎತ್ತುತ್ತಾನೇನ್ರಿ?

ಅದೇ 2025ರಲ್ಲಿ ಕರ್ನಾಟಕದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂದಾಗ ಜಾತಿಯ ಹೆಸರಿನ ಮುಂದೆ 'ಕ್ರಿಶ್ಚಿಯನ್' ಎಂದು ಬರೆದ ಪಟ್ಟಿ ಕಂಡು ಗದ್ದಲವೆದ್ದಿತು. ಕ್ರೈಸ್ತರಲ್ಲಿ ಜಾತಿ ಇಲ್ಲವಲ್ಲ, ಇದೇನು ಅಂದರು. ಇಲ್ಲ ಅಂದವರಲ್ಲಿ ಎಷ್ಟು ಮಂದಿ ಮಾದಿಗ ಕ್ರೈಸ್ತನ ಮನೆಗೆ ಹೆಣ್ಣು ಕೊಟ್ಟಿದ್ದಾರೆ?

ಇಂಥ ಎರಡು ಗೋಡೆಗಳ ನಡುವೆ ನಮ್ಮ ಕಡೆಯ ಎಷ್ಟೋ ಮನೆಗಳು ಎರಡು ಹೆಸರು ಇಟ್ಟುಕೊಂಡವು. ಚರ್ಚಿನ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು. ಭಾನುವಾರ ಒಬ್ಬ, ಸೋಮವಾರ ಇನ್ನೊಬ್ಬ. ಇದನ್ನೇ ಹಿಡಿದು 'ಕಪಟಿಗಳು' ಎನ್ನುವವರಿದ್ದಾರೆ. ನಾನು ನಮ್ಮ ಮನೆಯ ಮೊದಲ ಪದವೀಧರ. ತಹಸೀಲ್ ಕಚೇರಿಯಿಂದ ಬಂದ ಒಂದು ಹಾಳೆ ಇಲ್ಲದಿದ್ದರೆ ಹಾಸ್ಟೆಲ್ಲಿನ ಅನ್ನವೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ, ಈ ಅಕ್ಷರಗಳೂ ಇಲ್ಲ. ಆ ಹಾಳೆಗಾಗಿ ತನ್ನ ಪ್ರಾರ್ಥನೆಯನ್ನು ಮುಚ್ಚಿಟ್ಟ ತಾಯಿಯನ್ನು ನಾನು ಕಪಟಿ ಅನ್ನಲಾರೆ. ಅಧಿಕಾರ ಇದ್ದವನು ಆಡುವ ಸುಳ್ಳಿಗೂ, ಉಳಿಯಲು ಬಡವಿ ಮುಚ್ಚಿಡುವ ಸತ್ಯಕ್ಕೂ ಒಂದೇ ಬೆಲೆ ಕಟ್ಟಿದರೆ ಅದೇ ಎರಡು ಕಲ್ಲಿನ ವ್ಯಾಪಾರ.

ಹಾಗಂತ ನಮ್ಮವರನ್ನು ಮುದ್ದು ಮಾಡಿ ಬಿಡಲಾಗದು. ಅಂಬೇಡ್ಕರ್ ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಬರೆದಾಗ ಬಹಳ ನಿಷ್ಠುರವಾಗಿಯೇ ಬರೆದರು. ಚರ್ಚು ಜಾತಿಯನ್ನು ಕರಗಿಸಲಿಲ್ಲ ಎಂದರು. ಇನ್ನೂ ಮುಂದೆ ಹೋಗಿ, ಕಷ್ಟಕ್ಕೆಲ್ಲ ಅವರವರ ಪಾಪವೇ ಕಾರಣ ಎಂದು ಕಲಿತವನು ಸಮಾಜವನ್ನು ಬದಲಿಸಲು ಏಳುವುದಿಲ್ಲ ಎಂದರು. ಈ ಮಾತು ಇವತ್ತಿಗೂ ಚುಚ್ಚಬೇಕು. ಬೆಳಗಿನ ಆರಾಧನೆಯಲ್ಲಿ ಕಣ್ಣೀರು ಹಾಕಿದವರು, ಪಕ್ಕದ ಕೇರಿಯಲ್ಲಿ ಬಾವಿ ಮುಚ್ಚಿದಾಗ ಎಲ್ಲಿರುತ್ತಾರೆ? ಮಾದಿಗ ಕ್ರೈಸ್ತ, ಹೊಲೆಯ ಕ್ರೈಸ್ತ ಎಂದು ನಾವೇ ಒಳಗೆ ಗೆರೆ ಎಳೆದುಕೊಂಡರೆ ಯಾವ ಪೋಪನಿಗೆ ದೂರು ಕೊಡೋಣ?

ನಂಬಿಕೆಯನ್ನು ಖರೆಯಾಗಿ ಬದುಕಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಶರಣರ ಅನುಭವ ಮಂಟಪದ ಚರಿತ್ರೆಗಾಗಿ ವಾದ ಮಾಡಿದರು. 1949ರಲ್ಲಿ ನಮ್ಮ ಕಲಬುರ್ಗಿಯಲ್ಲೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನನ್ನು ನಂಬಲು ಅವರು ಬಸವಣ್ಣನನ್ನು ಬಯ್ಯಬೇಕಾಗಲಿಲ್ಲ, ಕನ್ನಡವನ್ನು ಬಿಡಬೇಕಾಗಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದರು. ಅದೇ ಮುಂದೆ ದಲಿತ ದೇವಶಾಸ್ತ್ರವಾಗಿ ಬೆಳೆಯಿತು. ಕೇರಿಯವನಿಗೆ ದೇವರನ್ನು ಹಂಚುವ ಮಾತು ಸಾಕು, ದೇವರೇ ಕೇರಿಯವನು ಎಂಬುದು ಅದರ ತಿರುಳು. ದನದ ಕೊಟ್ಟಿಗೆಯಲ್ಲಿ ಹುಟ್ಟಿ, ಊರ ಹೊರಗೆ ಸತ್ತವನು ಮತ್ತಿನ್ನಾರು?

ಗೆಳೆಯರೆ, ಮೇಷ್ಟ್ರುಗಳೆ, ನಿಮ್ಮ ಊರಿನ ಚರ್ಚನ್ನು ಕೇಳಿರಿ, ಹಾಗೆಯೇ ಮಠವನ್ನು, ಮಸೀದಿಯನ್ನು, ವಿಹಾರವನ್ನು ಕೇಳಿರಿ. ಗೋಪುರ ಎಷ್ಟು ಎತ್ತರ ಅಂತ ಕೇಳಬೇಡಿರಿ. ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತೀರಾ? ನಮ್ಮ ಮಗನಿಗೆ ನಿಮ್ಮ ಮಗಳನ್ನು ಕೊಡುತ್ತೀರಾ? ಸತ್ತರೆ ಒಂದೇ ಮಣ್ಣಿನಲ್ಲಿ ಹೂಳುತ್ತೀರಾ? ಇನ್ನೊಂದು ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳಿರಿ: ಕ್ರಿಸ್ತನ ಹೆಸರು ಬಾಯಿ ಬಿಟ್ಟು ಹೇಳಿಯೂ ದಲಿತನಾಗಿ ನಿಲ್ಲುವ ಹಕ್ಕು ಯಾವಾಗ ಕೊಡುತ್ತೀರಿ? ಆ ಹಕ್ಕು ಸಿಕ್ಕ ದಿನ ಬಡವರಿಗೆ ಎರಡನೆಯ ಹೆಸರು ಬೇಕಾಗುವುದಿಲ್ಲ. ಆಗ ನೋಡೋಣ, ಸೋಗು ಯಾರ ಮೈಮೇಲೆ ಉಳಿಯುತ್ತದೆ ಅಂತ.