ಸೊಂಟದ ನೋವಿಗೆ ಹೆಸರು ಸಿಕ್ಕ ಕಥೆ

ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ನಾಲೆ ನೀರಿನಲ್ಲಿ ಭತ್ತ ಬೆಳೆಯುತ್ತಿದೆ. ನಾಟಿ ಎಂದರೆ ದಿನವಿಡೀ ಬಗ್ಗಿದ ಬೆನ್ನು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಂದೆ ಆ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ ಪಾಂಡವಪುರದ ಹೊಲಗಳಿಗೆ ಹರಿದಾಗ ಕಬ್ಬಿನ ಹೊರೆಯೂ ಹೆಗಲೇರಿತು.

‘ಸೊಂಟ ಹಿಡಿದಿದೆ’ ಎಂದವರಿಗೆ ಹಳ್ಳಿಗಳಲ್ಲಿ ಹರಳೆಣ್ಣೆ ನೀವುತ್ತಿದ್ದರು, ಲಕ್ಕಿ ಸೊಪ್ಪಿನ ಶಾಖ ಕೊಡುತ್ತಿದ್ದರು. ಸೊಂಟದಿಂದ ಕಾಲಿಗಿಳಿಯುವ ನೋವನ್ನು ಚರಕ ಸಂಹಿತೆ ‘ಗೃಧ್ರಸಿ’ ಎಂದು ಕರೆದು, ವಾತರೋಗಗಳ ಸಾಲಿಗೆ ಸೇರಿಸಿದೆ. ರೋಗಿಯ ನಡಿಗೆ ಹದ್ದಿನಂತೆ ಕಾಣುತ್ತದೆ ಎಂಬುದು ಆ ಹೆಸರಿಗೆ ಹೇಳುವ ವಿವರಣೆ.

1764ರಲ್ಲಿ ಇಟಲಿಯ ಡೊಮೆನಿಕೊ ಕೊಟುನ್ಯೊ ಈ ನೋವಿನ ಮೂಲ ನರದಲ್ಲಿದೆ ಎಂದು ಬರೆದರು. ನರವನ್ನು ಒತ್ತುವುದು ಯಾವುದು? 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಉತ್ತರ ಕೊಟ್ಟರು: ಬೆನ್ನುಮೂಳೆಯ ಮಣಿಗಳ (ಕಶೇರುಗಳ) ನಡುವಿನ ಡಿಸ್ಕ್ ಹೊರಚಾಚಿ ನರದ ಬೇರನ್ನು ಅದುಮುತ್ತದೆ.

ಆ ತಿಳಿವು ಈ ಸೀಮೆಯ ರೋಗಿಗೆ ಹತ್ತಿರವಾಗಲು ದಶಕಗಳೇ ಹಿಡಿದವು. ದೊಡ್ಡ ಚಿಕಿತ್ಸೆಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೇ ಆಸರೆಯಾಗಿತ್ತು. 1980ರ ದಶಕದಲ್ಲಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, 2006ರಲ್ಲಿ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ಕೆ.ಆರ್. ಪೇಟೆ, ನಾಗಮಂಗಲದವರ ದಾರಿ ಹತ್ತಿರವಾಯಿತು.

ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆ. ತಿಂಗಳುಗಟ್ಟಲೆ ಮಲಗಿರಬೇಕಾಗಿಲ್ಲ, ಮೆಲ್ಲನೆ ಓಡಾಡುವುದು, ವ್ಯಾಯಾಮ, ಅಗತ್ಯವಿದ್ದರೆ ಮಾತ್ರೆ ಸಾಕಾಗುತ್ತವೆ. ಆದರೆ ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಪಾದ ಸೋತರೆ ಉಳುಕು ತೆಗೆಸಲು ಹೋಗದೆ ಅಂದೇ ಆಸ್ಪತ್ರೆ ಸೇರಬೇಕು.