ಶೀರ್ಷಿಕೆ ಟ್ಯಾಗುಗಳು

ಜಾಲಪುಟದ ವಿಷಯವಿಭಾಗಗಳನ್ನು ಶೋಧಯಂತ್ರಕ್ಕೂ ಓದುಗರಿಗೂ ಏಕಕಾಲದಲ್ಲಿ ತಿಳಿಯಪಡಿಸುವ ಎಚ್‌ಟಿಎಂಎಲ್ ಸಂಕೇತಗಳು. ಎಚ್‌1ರಿಂದ ಎಚ್‌6ರವರೆಗೆ ಆರು ಸ್ತರಗಳುಂಟು. 2003ರಲ್ಲಿ ಆರಂಭಗೊಂಡ ಕನ್ನಡ ವಿಕಿಪೀಡಿಯದಲ್ಲಿ ಇವುಗಳ ವಿನಿಯೋಗವು ಸ್ಪಷ್ಟವಾಗಿ ಗೋಚರಿಸುವುದು: ಬೆಂಗಳೂರಿನ ಹಲಸೂರನ್ನು ಕುರಿತು ಲೇಖನ ಬರೆಯುವವರು ‘ಸೋಮೇಶ್ವರ ದೇವಾಲಯ’ ಎಂಬ ಪದಗಳ ಇಕ್ಕೆಲಗಳಲ್ಲಿ ಎರಡೆರಡು ಸಮಚಿಹ್ನೆಗಳನ್ನಿಟ್ಟರೆ ಅದು ಎಚ್‌2 ಆಗಿಯೂ, ಅದರಡಿಯಲ್ಲಿ ‘ರಾಜಗೋಪುರ’ ಎಂಬುದಕ್ಕೆ ಮೂರುಮೂರನ್ನಿಟ್ಟರೆ ಅದು ಎಚ್‌3 ಆಗಿಯೂ ಪರಿಣಮಿಸಿ, ಲೇಖನದ ಹೆಸರು ತಾನೇ ಎಚ್‌1 ಆಗಿ ಶಿರೋಭಾಗದಲ್ಲಿ ನಿಲ್ಲುವುದು. ಅಕ್ಷರಗಳನ್ನು ದಪ್ಪಗೊಳಿಸಿದ ಮಾತ್ರಕ್ಕೆ ಈ ಸ್ಥಾನ ಲಭಿಸದು; ಕಣ್ಣಿಗೆ ಶೀರ್ಷಿಕೆಯೆನಿಸಿದ್ದು ಗೂಗಲ್ಲಿನಂತಹ ಯಂತ್ರಕ್ಕೆ ಸಾಮಾನ್ಯ ವಾಕ್ಯವಾಗಿಯೇ ಉಳಿಯಬಹುದು. ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ಕೂಡ ಈ ಟ್ಯಾಗುಗಳನ್ನೇ ಹಿಡಿದು ವಿಭಾಗದಿಂದ ವಿಭಾಗಕ್ಕೆ ಸಾಗುವುದರಿಂದ, ಶೋಧಫಲದ ಆಸೆಗಾಗಿ ಶೀರ್ಷಿಕೆಗಳಲ್ಲಿ ಪದಗಳನ್ನು ತುರುಕುವುದು ಸರ್ವಥಾ ಅನುಚಿತ.